ಬೆವರದ ಮನೆತನ

ನನ್ನ ಗಟ್ಟಿಪಿಂಡ ತಮ್ಮನಿಗೆ,

ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಎದುರಿಗೆ ಬಂದರೆ ಹಿಟ್ಟು ನಾದುವ ಯಂತ್ರ ಶುರು ಮಾಡುತ್ತೀಯ. ಅದರ ಸದ್ದಿನಲ್ಲಿ ಗಂಟಲು ಹರಿದುಕೊಂಡದ್ದು ಸಾಕಾಗಿ ಈ ಕಾಗದ ಬರೆಯುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿ.

ನಮ್ಮ ಬೇಕರಿಯಲ್ಲಿ ಅಜ್ಜನ ಕಾಲದಿಂದ ಒಂದು ಕಾನೂನು. ಓವನ್ ಬಾಯಿಗೆ ನಿಲ್ಲುವವರ ಹಣೆಯಿಂದ ಒಂದು ಹನಿಯೂ ಹಿಟ್ಟಿಗೆ ಬೀಳಬಾರದು. ನಮ್ಮ ಸೋದರಮಾವ ನಿಂತ, ಬೆವರಲಿಲ್ಲ. ಆಮೇಲೆ ನೀನು ನಿಂತೆ. ಬಂದ ಗಿರಾಕಿಗಳಿಗೆಲ್ಲ ಅಜ್ಜ ನಿನ್ನ ಹಣೆ ಒರೆಸಿ ತೋರಿಸುತ್ತಿದ್ದ. "ನೋಡಿ, ಬಟ್ಟೆ ಒಣಗೇ ಇದೆ. ನಮ್ಮ ರಕ್ತಾನೇ ಹಾಗೆ!" ನಾನು ಬೆವರಿದೆ, ನನ್ನನ್ನು ಬ್ರೆಡ್ ಕಟ್ಟುವ ಮೇಜಿಗೆ ದಬ್ಬಿದರು. ಆ ಹೊಟ್ಟೆಕಿಚ್ಚು ನನಗೆ ಎಷ್ಟೋ ವರ್ಷ ಇತ್ತು.

ಕೆಲಸ ಮುಗಿದ ಮೇಲೆ ಮಾವ ಬಕೆಟ್ ನೀರಿನಲ್ಲಿ ಕಾಲು ಇಳಿಬಿಟ್ಟು ಹಲ್ಲು ಕಚ್ಚಿ ಕೂರುತ್ತಿದ್ದದ್ದು ನಿನಗೂ ನೆನಪಿದೆ. "ಓವನ್ ಕಾವು ಕಾಲಿಗಿಳಿದಿದೆ ಕಣ್ರೋ" ಅನ್ನುತ್ತಿದ್ದ. ನಾವೆಲ್ಲ ನಂಬಿದೆವು. ಮೂತ್ರಪಿಂಡ ಕೈಕೊಟ್ಟು ಅವನು ಹೋದಾಗ, ಕದ್ದು ಕುಡಿಯುತ್ತಿದ್ದನೇನೋ ಎಂದರು ಜನ. ಒಂದು ತೊಟ್ಟು ಮುಟ್ಟದವನು! ಈಗಲೂ ಮೈ ಉರಿಯುತ್ತದೆ ನನಗೆ.

ಕನ್ನಡಕಕ್ಕೆಂದು ಹೋದ ನನ್ನ ಕಣ್ಣಗುಡ್ಡೆಯ ಮೇಲೆ ಸುಳಿಯಂಥ ಗೆರೆಗಳನ್ನು ಕಂಡದ್ದು ಕಣ್ಣಿನ ಡಾಕ್ಟರು. ರಕ್ತ ಪರೀಕ್ಷೆಯಾದ ಮೇಲೆ ಹೆಸರು ಸಿಕ್ಕಿತು: ಫ್ಯಾಬ್ರಿ ಕಾಯಿಲೆ. ಜೀವಕೋಶದೊಳಗೆ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿವೆಯಂತೆ. ಅಲ್ಲಿ ಒಂದು ಬಗೆಯ ಕೊಬ್ಬನ್ನು ಕರಗಿಸುವ ಕಿಣ್ವ ನಮ್ಮ ಮನೆಯವರಿಗೆ ಸಾಲದು. ಕರಗದ ಕೊಬ್ಬು ನರಕ್ಕೆ, ಮೂತ್ರಪಿಂಡಕ್ಕೆ, ಹೃದಯಕ್ಕೆ ಅಂಟಿಕೊಂಡು ಕೂರುತ್ತದೆ. ಬೆವರು ನಿಲ್ಲುವುದು, ಅಂಗಾಲು ಉರಿಯುವುದು ಎಲ್ಲ ಅದರಿಂದಲೇ. ಹೆಂಗಸರಲ್ಲಿ ಕೆಲವರಿಗೆ ಹಗುರವಾಗಿರುತ್ತದಂತೆ, ಅದಕ್ಕೇ ನಾನು ಬೆವರಿದ್ದು. ಅಜ್ಜ ಮೆರೆಸಿದ್ದು ರೋಗವನ್ನು ಕಣೋ.

ಇದನ್ನು ಹೇಳಿದರೆ ನೀನು ಅಂದದ್ದೇನು? "ಆ ಡಾಕ್ಟ್ರು ಒಂದಿನ ಓವನ್ ಮುಂದೆ ನಿಂತು ನೋಡ್ಲಿ, ಆಮೇಲೆ ಮಾತಾಡ್ಲಿ. ನಾನು ಕಲ್ಲಿದ್ದಂಗಿದ್ದೀನಿ." ಕಲ್ಲಿಗೆ ಕಾಲು ಊದಿಕೊಳ್ಳುತ್ತದೇನೋ? ಚಪ್ಪಲಿಯ ಪಟ್ಟಿ ಕತ್ತರಿಸಿಕೊಂಡು ಓಡಾಡುತ್ತಿರುವುದು ನನಗೆ ಕಾಣುವುದಿಲ್ಲವೇ? ಇಲ್ಲದ ಕಿಣ್ವವನ್ನು ಎರಡು ವಾರಕ್ಕೊಮ್ಮೆ ರಕ್ತಕ್ಕೆ ಏರಿಸುತ್ತಾರೆ. ಕೆಟ್ಟದ್ದು ಸರಿಹೋಗದಿದ್ದರೂ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಮಾವನಿಗೆ ಸಿಗದ ಅವಕಾಶ ನಿನ್ನ ಬಾಗಿಲಿಗೆ ಬಂದಿದೆ, ನೀನು ಚಿಲಕ ಹಾಕಿಕೊಂಡು ಕೂತಿದ್ದೀಯ. ನಿನ್ನ ಹಠಕ್ಕಿಷ್ಟು ಬೆಂಕಿ ಹಾಕ!

ನಿನ್ನೊಬ್ಬನ ಮಾತಾಗಿದ್ದರೆ ಜಗಳವಾಡಿ ಸುಸ್ತಾಗಿ ಸುಮ್ಮನಾಗುತ್ತಿದ್ದೆನೇನೋ. ಮಾವನಿಗೆ ಇದು ಅಜ್ಜಿಯಿಂದ ಬಂತು, ನಮಗೆ ಅಮ್ಮನಿಂದ. ಆದರೆ ಈ ಕಾಯಿಲೆಯಿರುವ ತಂದೆಯಿಂದ ಅದು ಗಂಡುಮಕ್ಕಳಿಗೆ ಹೋಗುವುದಿಲ್ಲ, ಹೆಣ್ಣುಮಕ್ಕಳಿಗೆ ತಪ್ಪುವುದಿಲ್ಲ. ರಜೆ ಬಂದದ್ದೇ ತಡ, ನೀನು ಮಗಳನ್ನು ಓವನ್ ಬಾಯಿಗೆ ನಿಲ್ಲಿಸಿ ಅವಳ ಹಣೆಯನ್ನು ಊರಿಗೆಲ್ಲ ತೋರಿಸುತ್ತಿದ್ದೀಯ. ಮೊನ್ನೆ ಅವಳು ನನ್ನ ಮನೆಗೆ ಬಂದಳು. ಬಂದವಳೇ ಅಡುಗೆಮನೆಯ ತಣ್ಣನೆಯ ಕಲ್ಲಿಗೆ ಅಂಗಾಲು ಒತ್ತಿ ನಿಂತು ಕಣ್ಣು ಮುಚ್ಚಿಕೊಂಡಳು. ಕೇಳಿದ್ದಕ್ಕೆ ಅಂದಳು, "ತುಂಬಾ ಉರಿಯತ್ತೆ ಅತ್ತೆ. ಅಪ್ಪಂಗೆ ಮಾತ್ರ ಹೇಳ್ಬೇಡ. ಅಪ್ಪ ನನ್ನನ್ನ ಹೊಗಳೋದು ಇದೊಂದಕ್ಕೇ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಈಗ ಹೇಳಿದ್ದೇನೆ. ಸೋಮವಾರ ಬೆಳಿಗ್ಗೆ ಅವಳನ್ನು ಪರೀಕ್ಷೆಗೆ ಕರೆದೊಯ್ಯಲು ಬರುತ್ತೇನೆ. ಅಷ್ಟರೊಳಗೆ ಒಮ್ಮೆ ಬೇರೆ ಯಾವುದಕ್ಕಾದರೂ ಅವಳನ್ನು ಹೊಗಳು.

ಬೈದರೂ ನಿನ್ನವಳೇ, ನೀನು ನೂರು ಕಾಲ ಬಾಳು ಎಂದು ಹರಸುವ
ನಿನ್ನ ಅಕ್ಕ