ಹೂಂ ಅನ್ನುವ ಜಾಗ

೧೪ ಜೂನ್ ೨೦೦೮, ಶನಿವಾರ. ಕುರುಬರಹಳ್ಳಿ.

ಇನ್ನೂ ನಂಬಿಕೆಯೇ ಬರುತ್ತಿಲ್ಲ.

ಗಂಟಲಿನ ಆಪರೇಷನ್ ಆದಮೇಲೆ ಸೋದರತ್ತೆ ಭಾಗವ್ವ ಕಥೆ ಹೇಳುವುದು ನಿಂತೇಹೋಯಿತು. ಉಳಿದಿರುವುದು ಅದಕ್ಕೂ ಮೊದಲು ನಾನು ಹಿಡಿದಿಟ್ಟ ಒಂದೇ ವಿಡಿಯೊ. ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಅದು ಕುಂಟುತ್ತಿತ್ತು. ಮಾತಿನಲ್ಲಿ ರಾಕ್ಷಸ ಸತ್ತು ಬಿದ್ದಮೇಲೆ ಚಿತ್ರದಲ್ಲಿ ಅತ್ತೆಯ ಕತ್ತಿಯ ಕೈ ಏಳುತ್ತಿತ್ತು!

ಬೆಳಿಗ್ಗೆ ಗೆಳೆಯ ರೇವಣಸಿದ್ದನನ್ನು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಎಳೆದುಕೊಂಡು ಹೋದೆ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನು ಅವನೇ. ನನ್ನ ಕಣ್ಣು ಪರದೆಗೆ ಚಿತ್ರ ಕಳಿಸುವ, ಫ್ಯಾನು ಹೊತ್ತ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಮೇಲಿತ್ತು. ಅವನು ಸಪ್ಪೆ ಮುಖದ ಹಳೆಯ ಕಾರ್ಡೊಂದನ್ನು ಎತ್ತಿಕೊಂಡ.

"ಅಜ್ಜನ ಕಾಲದ್ದು ಸಾರ್, ಮ್ಯೂಸಿಯಮ್ಮಿಗಾ?" ಎಂದ ಅಂಗಡಿಯವನು.

"ಲಿನಕ್ಸಿಗೆ ಗುರು. ಇದನ್ನ ನಡೆಸೋ ಪ್ರೋಗ್ರಾಮು, ಡ್ರೈವರ್, ಓಪನ್ನು. ಯಾವ್ಯಾವ ದೇಶದವರೋ ಬರೆದು, ತಿದ್ದಿ, ಪುಕ್ಕಟೆ ಕೊಟ್ಟಿದಾರೆ," ಎಂದ ರೇವಣಸಿದ್ದ.

ನಮ್ಮ ಕಥೆಗಳೂ ಹಾಗೇ ಅಲ್ಲವೇ ಬಂದದ್ದು ಅನ್ನಿಸಿ ದುಡ್ಡು ಎಣಿಸಿ ಕೊಟ್ಟೆ.

ಸಂಜೆ ಹೊಸದಾಗಿ ತಂದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಡಿಯೊ ಹಾಕಿದೆ. ಕೈಯೂ ಮಾತೂ ಜೋಡೆತ್ತಿನ ಹಾಗೆ ಹೊರಟವು. ರಾಜಕುಮಾರಿ ಬಾವಿಗೆ ಇಣುಕಿದಳು ಎಂದು ಪರದೆಯ ಅತ್ತೆ ಹುಬ್ಬೇರಿಸಿ ನಿಲ್ಲಿಸಿದಳು. ಕೇಳುವವರು ಹೂಂ ಅನ್ನದೆ ಅವಳು ಯಾವತ್ತೂ ಕಥೆಯನ್ನು ಮುಂದಕ್ಕೆ ಬಿಟ್ಟವಳಲ್ಲ. ವಿಡಿಯೊದಲ್ಲಿ ನನ್ನ ದನಿ ಬೀಳಬಾರದೆಂದು ಆ ದಿನ ನಾನು ಬರೀ ತಲೆಯಾಡಿಸಿದ್ದೆ. ಆ ಜಾಗ ಖಾಲಿಯೇ ಉಳಿದಿತ್ತು.

ಪಕ್ಕದಿಂದ ಒಡಕು ದನಿಯಲ್ಲಿ ಬಂತು: "ಹೂಂ."

ಪರದೆಯ ಭಾಗವ್ವ ಸಮಾಧಾನದಿಂದ ಕಥೆ ಮುಂದುವರಿಸಿದಳು.

ಆ ಡ್ರೈವರ್ ಬರೆದ ಪುಣ್ಯಾತ್ಮರಿಗೆ ಕನ್ನಡ ಬರಲಿಕ್ಕಿಲ್ಲ. ಆದರೂ ಅತ್ತೆ ನಿಲ್ಲಿಸಬೇಕಾದ ಕಡೆಯೇ ಸರಿಯಾಗಿ ನಿಲ್ಲಿಸಿದಳಲ್ಲ, ಅದು ಹೇಗೆ ಅವರಿಗೆ ಗೊತ್ತಾಯಿತು?