ನೆರಳು ಬೀಳದ ಊರು

ಅಕ್ಕಾ,

ಇಲ್ಲಿಗೆ ಬಂದ ಮೇಲೆ ನನ್ನ ನೆರಳನ್ನೇ ನಾನು ಸರಿಯಾಗಿ ನೋಡಿಲ್ಲ. ದಿನವಿಡೀ ತೆಳು ಮೋಡ; ಚಳಿಯೂ ಇಲ್ಲ, ಸೆಕೆಯೂ ಇಲ್ಲ. ನಮ್ಮ ರಫೂ ಅಂಗಡಿಯವರಿಗೆ ಇದೇ ಇಷ್ಟ. ಹರಿದ ಕೋಟಿಗೆ ದಾರ ಹೊಂದಿಸಲು ಎಲ್ಲರೂ ಬೀದಿಗೆ ಬಂದು ನಿಲ್ಲುತ್ತೇವೆ. ಮೋಡದ ಬೆಳಕಿನಲ್ಲೇ ಬಣ್ಣ ನಿಜವಾಗಿ ಕಾಣುತ್ತದಂತೆ.

ಮೊನ್ನೆ ಬಿಸಿಲು ಇಣುಕಿತು. “ಹಾಳು ಬಿಸಿಲು, ಬಣ್ಣದ ಅಂದಾಜೇ ತಪ್ಪಿಸುತ್ತೆ! ಒಳಗೆ ಬನ್ರಮ್ಮ!” ಎಂದು ಯಜಮಾನಿ ಕೂಗಿದರು. ನಾನೊಬ್ಬಳೇ ಮುಖವೊಡ್ಡಿ ನಿಂತೆ. ಸಂಜೆಗೆ ನನ್ನ ಹಳೆಯ ತಲೆನೋವು ಹಾಜರು. ಇಲ್ಲಿ ಅದು ಬಂದದ್ದು ಅದೊಂದೇ ಸಲ.

ಖಾಯಂ ಆಗಿ ಇರುತ್ತೀಯಾ ಎಂದು ಬರುವ ಸೋಮವಾರ ಯಜಮಾನಿ ಕೇಳುತ್ತಾರೆ. ಇರುತ್ತೇನೆ ಎನ್ನುವವಳಿದ್ದೇನೆ. ಆದರೂ ಬೆಳಿಗ್ಗೆ ಎದ್ದೊಡನೆ ಕಿಟಕಿಯತ್ತ ಓಡುವುದೇಕೋ ತಿಳಿಯದು.

ನನ್ನ ಸ್ವೆಟರ್ ಕಳಿಸು, ಚಳಿಗೇನಲ್ಲ. ಕಟ್ಟುವ ಮುಂಚೆ ಒಂದು ದಿನ ಬಿಸಿಲಿಗೆ ಹಾಕು.

ಕಾರ್ಡ್ ತುಂಬಿತು.
ನಿನ್ನ ತಂಗಿ