ಹೊಲಕ್ಕೆಲ್ಲವೋ, ಒಂದೇ ಮಡಿಗೋ

ವೇದಿಕೆಯ ಮೇಲಿಲ್ಲದ ಗಣ್ಯರೇ, ಮುಂದಿನ ಸಾಲಿನ ಖಾಲಿ ಕುರ್ಚಿಗಳೇ, ಈ ಸಭೆಯ ಅಧ್ಯಕ್ಷರಾದ ದಿವಂಗತ ನನ್ನಪ್ಪನವರೇ,

ಇಂದಿನ ಉಪನ್ಯಾಸದ ವಿಷಯ: ಸ್ತನದ ಸಣ್ಣ ಗಂಟನ್ನು ಕೊಯ್ದು ತೆಗೆದ ಮೇಲೆ ಕಿರಣವನ್ನು ಸ್ತನಕ್ಕೆಲ್ಲ ಕೊಡಿಸಬೇಕೋ, ಗಂಟಿದ್ದ ಜಾಗಕ್ಕಷ್ಟೇ ಕೊಡಿಸಬೇಕೋ? ಉಪನ್ಯಾಸಕಿ ನಾನು, ಕನ್ನಡ ಮಾಧ್ಯಮದ ಬಿ.ಎ. ಗಂಟೂ ನನ್ನದೇ ಅಪ್ಪಾ. ನೀನು ಹೋಗಿ ಮೂರು ವರ್ಷಕ್ಕೆ ಕೈಗೆ ಸಿಕ್ಕಿತು. ಕ್ಯಾನ್ಸರೇ, ಆದರೆ ಆರಂಭದ ಹಂತದ್ದಂತೆ, ಹೆದರಬೇಡ. ಸತ್ತವರಿಗೆ ಹೆದರಬೇಡ ಅನ್ನುವ ಪಾಳಿ ಬಂತು ನೋಡು ನನಗೆ.

ದೇವಾಪುರದ ಹತ್ತಿರ ನೀನು ಕಾಲುವೆ ಗೇಟು ಕಾಯುತ್ತಿದ್ದಾಗ ರೈತರು ಬಂದು ಜಗಳ ತೆಗೆಯುತ್ತಿದ್ದರು. “ಪೂರಾ ಎತ್ರಿ ಗೇಟು.” ನೀನು ಬೀಡಿ ಆರಿಸಿ ಹೇಳುತ್ತಿದ್ದೆ: “ಭೂಮಿ ಕುಡದಷ್ಟ ಕೊಡ್ರಿ. ನೀರು ನಿಂತ್ರ ಸವಳಾಗಿ ಹೊಲ ಕೆಡ್ತದ.” ಕಲಬುರಗಿಯ ಡಾಕ್ಟರಮ್ಮನ ಎದುರು ಕೂತಾಗ ಅದೇ ನೆನಪಾಯಿತು. ಅವರು ಮೊದಲು ಸ್ತನಕ್ಕೆಲ್ಲ ಕೊಡೋಣ, ಮೂರು ವಾರ ಅಂದಿದ್ದರು. ಎಡಗಡೆಯದು, ಕೆಳಗೆ ಹೃದಯ. ಕಿರಣ ಬೀಳುವಾಗ ಉಸಿರು ಹಿಡಿದು ಮಲಗಬೇಕು. ಅಳತೆ ತೆಗೆದು ಎದೆಯ ಮೇಲೆ ನೀಲಿ ಮಸಿಯಲ್ಲಿ ಗೆರೆ ಎಳೆದು ಕಳಿಸಿದರು. “ಇವು ಅಳಸಬಾರದ್ರಿ. ಇದರ ಮ್ಯಾಲೇ ಮಷಿನ್ ಹೊಂದಸ್ತೀವಿ.”

ಅವತ್ತು ಸುರಪುರದ ಮನೆಯ ಹೊಸ್ತಿಲಲ್ಲಿ ನಿನ್ನ ತಂಗಿ, ನಮ್ಮ ಅತ್ತೆ, ಅಡ್ಡ ನಿಂತಳು. ಆಸ್ಪತ್ರೆಯಿಂದ ಬಂದವರು ಮೈಗೆ ನೀರು ಹಾಕಿಕೊಳ್ಳದೆ ಒಳಗೆ ಬರಕೂಡದೆಂಬ ಅವಳ ಕಾನೂನು ನಿನಗೆ ಗೊತ್ತಲ್ಲ. “ಮೊದಲ ಬಚ್ಚಲಕ್ಕ ನಡಿ. ದವಾಖಾನಿ ಗಾಳಿ ಒಳಗ ತರಬ್ಯಾಡ.” ಹಂಡೆ ನೀರು, ಸೀಗೆಕಾಯಿ, ಮೇಲೆ ಅವಳ ಕೈ. ನೀಲಿ ಗೆರೆಗಳು ಮೋರಿ ಹಿಡಿದು ಹೋದವು. ಓಣಿಯವರೆಲ್ಲ ಅವಳಿಗೆ ಬೈದರು. “ವಯಸ್ಸಾದ್ರೂ ಬುದ್ಧಿ ಬರಲಿಲ್ಲಲ್ಲ ಬೇ ನಿನಗ.” ಅತ್ತೆ ಸೆರಗು ಕೊಡವಿ, “ಹೌದ್ರವ್ವಾ, ನಾನಾ ತಿಕ್ಕೀನಿ. ಎಮ್ಮಿ ಮೈ ತೊಳದು ರೂಢಿ” ಅಂದಳು.

ಫೋನು ಮಾಡಿದರೆ ಡಾಕ್ಟರಮ್ಮ ಬೈಯಲಿಲ್ಲ. “ಹ್ಯಾಂಗೂ ಹೊಸದಾಗಿ ಅಳತಿ ತಗೀಬೇಕು. ನಿಮ್ಮ ಪೂರ್ತಿ ರಿಪೋರ್ಟ್ ಬಂದದ. ಗಂಟಿದ್ದಲ್ಲಿ ಅಷ್ಟೇ ಕೊಟ್ರೂ ನಡೀತದ, ಒಂದು ವಾರದಾಗ ಮುಗೀತದ. ನಿಮ್ಮಂಥವರಿಗೆ ಎರಡರ ಫಲಾನೂ ಹೆಚ್ಚೂಕಮ್ಮಿ ಒಂದೇ. ವಿಚಾರ ಮಾಡಿ ಹೇಳ್ರಿ. ಬಹಳ ತಡ ಮಾಡಬ್ಯಾಡ್ರಿ.” ಡಾಕ್ಟರು ಹೇಳುವುದು, ನಾವು ಹ್ಞೂಂ ಅನ್ನುವುದು, ಇದಲ್ಲವೇ ನಮಗೆ ಗೊತ್ತಿರುವ ಪದ್ಧತಿ? ಎರಡೂ ಸರಿ ಅಂದುಬಿಟ್ಟರೆ? ಪೂರ್ತಿ ಅಂದರೆ ಸುಸ್ತು, ತುಸುವೇ ಅಂದರೆ ಮಸ್ತು, ನೀನೇ ಆರಿಸು ಅಂದರೆ ಬೇಸ್ತು.

ನಿನ್ನ ಮಾತಿನಂತೆ ಹೋದರೆ ಹೊಲದ ಒಂದು ಮಡಿಗೆ ನೀರು ಹಾಯಿಸಿದರೆ ಸಾಕು. ಆದರೆ ನೀರು ಬೆಳೆಸುತ್ತದೆ, ಇದು ಸುಡುತ್ತದೆ. ನಿನ್ನ ಕಾಲುವೆ ಇಲ್ಲಿಗೆ ಒಡೆಯಿತು. ಮೂಲೆಯಲ್ಲೆಲ್ಲೋ ರೋಗದ ಒಂದು ಬೀಜ ಉಳಿದಿದ್ದರೆ? ಉಳಿದಿಲ್ಲ ಅನ್ನುತ್ತದೆ ರಿಪೋರ್ಟು. ಹಾಗಾದರೆ ಸುಡುವುದಾದರೂ ಯಾಕೆ? ಕಣ್ಣಿಗೆ ಕಾಣದ್ದು ಇರಬಹುದಂತೆ. ಇರಬಹುದಾದರೆ ಪೂರ್ತಿಯೇ... ನಾನು ಕೆಲಸ ಮಾಡುವ ಶಹಾಪುರದ ಆಫೀಸಿನಲ್ಲಿ ಏನಾಯಿತೆಂದು ದಿನಾ ಕೇಳುತ್ತಾರೆ. “ಇನ್ನೂ ವಿಚಾರ ನಡದದ್ರಿ” ಅನ್ನುತ್ತೇನೆ. ಎರಡು ವಾರವಾಯಿತು.

ಸಭೆ ಬರಖಾಸ್ತು, ಅಪ್ಪಾ. ವಿಚಾರ ನಡೆದೇ ಇಲ್ಲ. ಅಳತೆ ತೆಗೆಯುವ ದಿನ ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಂಡರು, ಮಷಿನ್ನಿನ ತಣ್ಣನೆಯ ಹಲಗೆಯ ಮೇಲೆ ನಾನೊಬ್ಬಳೇ. ಅಲ್ಲಿಂದ ಏಳುವಾಗಲೇ ಮತ್ತೆ ಬರಬಾರದು ಅನ್ನಿಸಿತ್ತು. ಸೋಮವಾರ ಹೋಗುತ್ತೇನೆ, ಅತ್ತೆಯನ್ನೂ ಕರೆದುಕೊಂಡು. ಅಷ್ಟು ಬೈಸಿಕೊಂಡರೂ ಅವಳು ಯಾರಿಗೂ ಹೇಳದ ಒಂದು ಮಾತಿದೆ. ಬಚ್ಚಲಲ್ಲಿ ಅವಳು ಕೈ ತಡೆದು ಕೇಳಿದ್ದಳು, “ಯವ್ವಾ, ಈ ಗೆರಿ ದವಾಖಾನ್ಯಾಗ ಹಾಕಿದ್ದಲ್ಲ? ಬಿಡ್ಲೇನು?”

“ತಿಕ್ಕು” ಅಂದೆ.